ಫೈನಲ್ ದಿನ ನೀರು ಕೊಟ್ಟವನು

ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ ಅಂತಾರಲ್ಲ, ಆ ಎಡವಟ್ಟ ನನ್ನ ಗಂಡ ಪ್ರತಾಪ. ಅಮೆರಿಕದ ಡಾಲಸ್ ಪಕ್ಕದ ಲಿಟಲ್ ಎಲ್ಮ್‌ನಲ್ಲಿ ನಮ್ಮ ಬೀದಿ ಗಂಡಸರೆಲ್ಲ ಶನಿವಾರ ಬಂತು ಅಂದ್ರೆ ಕ್ರಿಕೆಟ್ ಕಿಟ್ ಹೊತ್ಕೊಂಡು ಹೊರಡ್ತಾರೆ. ಇವನು ಮಾತ್ರ ಮಂಡಿಗೆ ಪಟ್ಟಿ ಸುತ್ಕೊಂಡು, ಹಲ್ಲು ಮುರೀಬಾರದು ಅಂತ ಪ್ಲಾಸ್ಟಿಕ್ ಕಚ್ಕೊಂಡು ರಗ್ಬಿ ಲೀಗ್ ಆಡೋಕೆ ಹೋಗ್ತಿದ್ದ. ನಲವತ್ತೊಂದು ವಯಸ್ಸಿಗೆ! ಭಾನುವಾರ ಪೂರ್ತಿ ಅಯ್ಯೋ ಅಮ್ಮಾ ಅಂತ ನರಳೋದು, ನಾನು ಬೆನ್ನಿಗೆ ಬಿಸಿನೀರಿನ ಚೀಲ ಇಡೋದು, ಬೈಯೋದು. ಮೂರು ವರ್ಷ ಇದೇ ನಮ್ಮ ಸಂಸಾರದ ಭಾನುವಾರ.

ಶುರುವಾಗಿದ್ದು ಕನ್ನಡ ಸಂಘದ ರಾಜ್ಯೋತ್ಸವದಿಂದ. ಪಾರ್ಕಲ್ಲಿ ನಮ್ಮೋರು ಕಬಡ್ಡಿ ಆಡ್ತಿದ್ರು. ಪ್ರತಾಪ ಮೈಸೂರಲ್ಲಿ ಕಾಲೇಜ್ ಟೀಮಲ್ಲಿದ್ದವನು, ಕಾಲು ಹಿಡಿಯೋದರಲ್ಲಿ ಎತ್ತಿದ ಕೈ. ಓಡಿ ಬಂದವನ ಹಿಮ್ಮಡಿ ಮೇಲೆ ಇವನ ಬೆರಳು ಬಿದ್ರೆ ಮುಗೀತು, ಅವನು ನೆಲ ಕಚ್ಚಿದ ಅಂತಲೇ ಲೆಕ್ಕ. ಪಕ್ಕದಲ್ಲಿ ಮಕ್ಕಳನ್ನ ಉಯ್ಯಾಲೆ ಆಡಿಸ್ತಾ ಒಬ್ಬ ದೊಡ್ಡ ಆಸಾಮಿ ಇದನ್ನೇ ನೋಡ್ತಿದ್ದ. ಟೋಂಗಾ ದ್ವೀಪದ ಕಡೆಯವನು, ಹೆಸರು ಸಿಯೋನೆ. ಯೂಲೆಸ್ ಅನ್ನೋ ಹತ್ತಿರದ ಊರಲ್ಲಿ ಮನೆ, ಏರ್‌ಪೋರ್ಟಲ್ಲಿ ಸಾಮಾನು ಹತ್ತಿಸೋ ಕೆಲಸ, ಜೊತೆಗೆ ಡಾಲಸ್‌ನ ರಗ್ಬಿ ಲೀಗ್ ತಂಡದ ಕ್ಯಾಪ್ಟನ್. ನೇರ ಬಂದು ಪ್ರತಾಪನ ಹೆಗಲ ಮೇಲೆ ಕೈ ಹಾಕಿ, "ಅಣ್ಣಾ, ಹೀಗೇ ನಮ್ಮ ಕಡೆ ಬಂದು ಹಿಡೀತೀಯಾ?" ಅಂತ ಅವನ ಇಂಗ್ಲಿಷಲ್ಲಿ ಕೇಳಿದ. ಇವನು ಹೂಂ ಅಂದ. ನನ್ನನ್ನ ಒಂದು ಮಾತು ಕೇಳಲಿಲ್ಲ.

ಆಟ ತಿಳಿಯದವರಿಗೆ ಇಷ್ಟು ಗೊತ್ತಿದ್ರೆ ಸಾಕು. ಕಡೆಗೆ ಹದಿಮೂರು ಜನ. ಚೆಂಡು ಎದೆಗವಚಿಕೊಂಡು ಓಡಿ ಎದುರಿನವರ ಕೊನೇ ಗೆರೆ ದಾಟಬೇಕು, ದಾಟಿದ್ರೆ ನಾಲ್ಕು ಪಾಯಿಂಟ್. ಅವರು ಹಿಡಿದು ಕೆಡವ್ತಾರೆ, ಎದ್ದು ಮತ್ತೆ ನುಗ್ಗಬೇಕು. ಆರು ಸಲ ಕೆಡವಿಸ್ಕೊಂಡ್ರೆ ಚೆಂಡು ಅವರ ಪಾಲು. ಪ್ರತಾಪನ ಜಾಗ ಎಡ ಅಂಚು, ಮೈದಾನದ ಬದಿ ಗೆರೆ ಪಕ್ಕ. ಅಲ್ಲಿಂದ ಯಾರೂ ನುಸುಳಬಾರದು. "ಎಡ ಅಂಚು ನಿನ್ನ ಮನೆ, ಬಾಗಿಲು ನೀನೇ ಕಾಯಬೇಕು" ಅಂತ ಸಿಯೋನೆ ಹೇಳಿದ್ದನಂತೆ. ಅದನ್ನ ಇವನು ನನಗೆ ನೂರು ಸಲ ಹೇಳಿದಾನೆ.

ಈ ವರ್ಷ ಮೊದಲ ಸಲ ಟೆಕ್ಸಸ್ ತಂಡಗಳಿಗೆ ಅಂತಲೇ ಒಂದು ನಾಕೌಟ್ ಕಪ್ ಶುರು ಮಾಡಿದ್ರು. ಆರು ತಂಡ. ಒಂದು ಸಲ ಸೋತ್ರೆ ಮನೆಗೆ. ಅದೃಷ್ಟದ ಚೀಟಿಯಲ್ಲಿ ಡಾಲಸ್‌ನವರಿಗೆ ಮೊದಲ ಸುತ್ತಿನ ಆಟವೇ ಬರಲಿಲ್ಲ, ನೇರ ಸೆಮಿಫೈನಲ್. ಅಲ್ಲಿಂದಲೇ ಎಲ್ಲಾ ಕೆಟ್ಟಿದ್ದು. ಆ ವಾರ ಇವನಿಗೂ ಒಂದು ಮ್ಯಾಚ್ ಇದ್ದಿದ್ರೆ ನಾವು ಆಸ್ಟಿನ್‌ಗೆ ಹೋಗ್ತಾನೇ ಇರಲಿಲ್ಲ.

ಆಸ್ಟಿನ್‌ನಲ್ಲಿರೋದು ನನ್ನ ಅಣ್ಣ ರಘುನಂದನ. ಮಾರ್ಚಲ್ಲಿ ಅವನ ಹೊಸ ಮನೆ ಗೃಹಪ್ರವೇಶ. ಈ ಪುಣ್ಯಾತ್ಮ ಅಲ್ಲಿನ ರಗ್ಬಿ ತಂಡಕ್ಕೆ ಮ್ಯಾನೇಜರು. ಸೊಂಟ ನೋವು ಅಂತ ಆಡಲ್ಲ, ಓಡಾಟ ಎಲ್ಲಾ ಅವನದ್ದೇ. ಬೆಳಿಗ್ಗೆ ಹೋಮ ಆಯ್ತು, ಹಾಲು ಉಕ್ಕಿಸಿದ್ದಾಯ್ತು, ಹೋಳಿಗೆ ಊಟ ನಡೀತಾ ಇತ್ತು. ಮಧ್ಯಾಹ್ನ ಅವನ ತಂಡಕ್ಕೆ ಹ್ಯೂಸ್ಟನ್ ವಿರುದ್ಧ ಕಪ್ಪಿನ ಮೊದಲ ಸುತ್ತು. ಎಲೆ ಮುಂದೆ ಕೂತಿರುವಾಗಲೇ ಅವನಿಗೆ ಫೋನ್ ಬಂತು, ಇಬ್ಬರಿಗೆ ಜ್ವರ, ಜನ ಸಾಲದು ಅಂತ. ಅಣ್ಣ ಎಲೆ ಸಾಲಿನ ಆ ಕಡೆಯಿಂದ ಪ್ರತಾಪನ ಮುಖ ನೋಡಿದ.

"ಪ್ರತಾಪಾ, ಒಂದು ಹೊತ್ತು ಬಂದು ನಿಂತ್ಕೋ ಮಾರಾಯ."

"ಭಾವ, ನಾನು ಡಾಲಸ್‌ನವನು. ಸರಿ ಹೋಗುತ್ತಾ?"

"ಅಯ್ಯೋ, ಆಟಕ್ಕುಂಟು ಲೆಕ್ಕಕ್ಕಿಲ್ಲ ಕಣೋ! ಜನ ತುಂಬಿಸೋಕೆ ಅಷ್ಟೆ. ನಿನ್ನನ್ನ ಯಾರು ಲೆಕ್ಕ ಇಡ್ತಾರೆ?"

ನಮ್ಮಲ್ಲಿ ಚಿಕ್ಕೋರಿದ್ದಾಗ ಎಲ್ಲರೂ ಆಡಿದ್ದೇ ಇದು. ಪುಟ್ಟ ತಂಗಿನೋ ತಮ್ಮನೋ ನಾನೂ ಬರ್ತೀನಿ ಅಂತ ಅತ್ರೆ ಸೇರಿಸ್ಕೊಳ್ಳೋದು, ಓಡ್ಲಿ, ಕುಣೀಲಿ, ಔಟಾದ್ರೂ ಔಟಿಲ್ಲ, ಹಿಡಿದ್ರೂ ಹಿಡಿದಂಗಲ್ಲ. ಪ್ರತಾಪನಿಗೆ ಹೆಂಡತಿಯ ಅಣ್ಣನಿಗೆ ಇಲ್ಲ ಅನ್ನೋ ಧೈರ್ಯ ಇಲ್ಲ. ಅದೂ ಅವನ ಮನೆ ಗೃಹಪ್ರವೇಶದ ದಿನ, ಅವನು ಹಾಕಿದ ಹೋಳಿಗೆ ಬಾಯಲ್ಲಿರುವಾಗ. ಹಾಳು ದಾಕ್ಷಿಣ್ಯ! ಎಲೆ ಮಡಿಸಿಟ್ಟು ಎದ್ದ.

ಆವತ್ತು ಆಸ್ಟಿನ್ ಸೋಲ್ತು. ಇವನು ಮಾತ್ರ ಹೋಳಿಗೆ ಹೊಟ್ಟೇಲೇ ಹ್ಯೂಸ್ಟನ್‌ನ ಮಾರ್ಕಸ್ ಅನ್ನೋ ಭಾರಿ ಆಳನ್ನ ಮತ್ತೆ ಮತ್ತೆ ಹಿಮ್ಮಡಿ ಹಿಡಿದು ಕೆಡವಿದ. ಆಟ ಮುಗಿದ ಮೇಲೆ ಮಾರ್ಕಸ್ ನಗ್ತಾ ಬಂದು ಇವನನ್ನ ಮಗು ಎತ್ತಿದ ಹಾಗೆ ಎತ್ತಿ ಕೆಳಗಿಳಿಸಿದ. ನಮ್ಮ ಮಗಳು ದಿಯಾ ಚಪ್ಪಾಳೆ ತಟ್ಟಿ ತಟ್ಟಿ ಕೈ ಕೆಂಪು ಮಾಡ್ಕೊಂಡಿದ್ಲು. ಮನೆಗೆ ಬಂದು ಮತ್ತೆ ಹೋಳಿಗೆ ತಿಂದು ಊರಿಗೆ ಬಂದ್ವಿ. ಯಾರಿಗಾದ್ರೂ ಹೇಳಬೇಕು ಅನ್ನಿಸೋ ಸಂಗತಿಯೇ ಅಲ್ಲ ಅದು.

ಏಪ್ರಿಲ್‌ನಲ್ಲಿ ಪ್ರತಾಪನ ಕೆಲಸ ಹೋಯ್ತು.

ಹನ್ನೆರಡು ವರ್ಷ ಈ ದೇಶದಲ್ಲಿ ತೆರಿಗೆ ಕಟ್ಟಿದ್ದು, ಮನೆ ಮಾಡಿದ್ದು, ಮಗಳು ಇಲ್ಲೇ ಹುಟ್ಟಿದ್ದು, ಗ್ರೀನ್ ಕಾರ್ಡ್ ಸಾಲಲ್ಲಿ ನಿಂತೂ ನಿಂತೂ ಕಾಲು ಬಿದ್ದುಹೋಗಿದ್ದು, ಯಾವುದೂ ಗಣನೆಗೆ ಬರಲಿಲ್ಲ. ಎರಡು ತಿಂಗಳಲ್ಲಿ ಬೇರೆ ಕೆಲಸ ಹುಡುಕ್ಕೋ, ಇಲ್ಲಾ ದೇಶ ಬಿಡು. ಪ್ರತಾಪ ಇಂಟರ್‌ವ್ಯೂ ಮೇಲೆ ಇಂಟರ್‌ವ್ಯೂ ಕೊಟ್ಟ. ಎಲ್ಲಾ ಕಡೆ ಚೆನ್ನಾಗಿ ಮಾತಾಡ್ತಾರೆ, ವೀಸಾ ಅಂದ ತಕ್ಷಣ ಮುಖ ತಿರುಗಿಸ್ತಾರೆ. ಮೇ ಹೊತ್ತಿಗೆ ಟಿಕೆಟ್ ಬುಕ್ ಮಾಡಿದ್ವಿ, ಜೂನ್ ಮೊದಲ ವಾರಕ್ಕೆ, ಬೆಂಗಳೂರಿಗೆ. ನಾನು ರಾದ್ಧಾಂತ ಮಾಡಿದೆ, ಅತ್ಕೊಂಡು ಪಾತ್ರೆ ಕುಕ್ಕಿದೆ. ಅವನು ಒಂದು ಹನಿ ಕಣ್ಣೀರು ಹಾಕಲಿಲ್ಲ.

"ನನಗೆ ಬೇರೇನೂ ಬೇಡ ಸುಪ್ರಜಾ" ಅಂದ ಒಂದಿನ, ಡಬ್ಬ ಪ್ಯಾಕ್ ಮಾಡ್ತಾ. "ಹೋಗೋ ಮುಂಚೆ ಆ ಫೈನಲ್ ಒಂದು ಆಡಿ ಹೋಗ್ತೀನಿ. ಇಷ್ಟು ವರ್ಷ ಇಲ್ಲಿ ಇದ್ದೆ ಅನ್ನೋದಕ್ಕೆ ಏನಾದ್ರೂ ಒಂದು ಬೇಕಲ್ವಾ?"

"ಮೊದಲು ಸೆಮಿಫೈನಲ್ ಗೆಲ್ಲು" ಅಂದೆ. ಆದ್ರೆ ಆವತ್ತಿಂದ ಆ ಫೈನಲ್ಲು ಅವನಿಗಿಂತ ಹೆಚ್ಚಾಗಿ ನನಗೆ ಬೇಕಾಗಿತ್ತು. ಸುಬ್ರಹ್ಮಣ್ಯನಿಗೆ ಹರಕೆ ಕೂಡ ಹೊತ್ಕೊಂಡೆ, ನಗಬೇಡಿ.

ಸೆಮಿಫೈನಲ್ ಹ್ಯೂಸ್ಟನ್‌ನಲ್ಲಿ, ಅಲ್ಲಿನ ಇನ್ನೊಂದು ತಂಡದ ಮೇಲೆ. ಆ ಬೆವರು, ಆ ಸೆಕೆ, ಉಡುಪಿ ಕಡೆಯವರೇ ಬೇಕು ತಡ್ಕೊಳ್ಳೋಕೆ. ಕೊನೆಗೆ ಚೆಂಡು ಎಡ ಅಂಚಿಗೆ ಬಂತು, ಪ್ರತಾಪ ಅದನ್ನ ಅವಚಿಕೊಂಡು ಗೆರೆ ದಾಟಿ ಬಿದ್ದ. ಗೆದ್ವಿ! ದಿಯಾ ಕಿರುಚಿದ್ದು ಕೇಳಿ ಪಕ್ಕದ ಮೈದಾನದವರೂ ತಿರುಗಿ ನೋಡಿದ್ರು. ಸಿಯೋನೆ ಇವನ ಮೇಲೆ ಬಿದ್ದ, ಉಳಿದವರು ಸಿಯೋನೆ ಮೇಲೆ ಬಿದ್ರು. ಎದ್ದು ಬಂದಾಗ ಇವನ ತುಟಿ ಒಡೆದಿತ್ತು, ಮುಖದ ತುಂಬಾ ನಗು. ಕೆಲಸ ಹೋದ ಮೇಲೆ ಅವನು ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ.

ಮುಂದಿನ ಭಾನುವಾರ ನಮ್ಮ ಹಿತ್ತಿಲಲ್ಲಿ ಊಟ, ಗೆದ್ದಿದ್ದಕ್ಕೂ ಆಯ್ತು, ನಮ್ಮನ್ನ ಕಳಿಸಿಕೊಡೋದಕ್ಕೂ ಆಯ್ತು ಅಂತ. ಮಾಂಸ ಸುಡೋದು ಹೊರಗೆ, ನನ್ನ ಅಡುಗೆಮನೆ ಹೊಸಿಲು ದಾಟಿದ್ರೆ ಕಾಲು ಮುರೀತೀನಿ ಅಂದಿದ್ದೆ. ಅಷ್ಟು ದೊಡ್ಡ ದೊಡ್ಡ ಗಂಡಸರು ಪ್ಲೇಟ್ ಹಿಡ್ಕೊಂಡು ಬಾಗಿಲಾಚೆ ನಿಂತು ನನ್ನ ಬಿಸಿಬೇಳೆಬಾತ್‌ಗೆ ಕಾಯ್ತಿದ್ರು. ಮಕ್ಕಳು ಹುಲ್ಲಿನ ಮೇಲೆ ಮುಟ್ಟಾಟ ಆಡ್ತಿದ್ವು. ಸಿಯೋನೆಯ ಕೊನೇ ಮಗಳು, ನಾಲ್ಕು ವರ್ಷದ್ದು, ನನ್ನೂ ಸೇರಿಸ್ಕೊಳ್ಳಿ ಅಂತ ರಾಗ ತೆಗೀತು. ದಿಯಾ ದೊಡ್ಡ ಮನುಷ್ಯಳ ಹಾಗೆ, "ಓಕೆ, ಶೀ ಈಸ್ ಆಟಕ್ಕುಂಟು ಲೆಕ್ಕಕ್ಕಿಲ್ಲ!" ಅಂತ ಘೋಷಣೆ ಮಾಡಿದ್ಲು.

"ಅದೇನದು?" ಅಂತ ಸಿಯೋನೆ ಕೇಳಿದ.

ಪ್ರತಾಪ ಖುಷಿಯಾಗಿ ಬಿಡಿಸಿ ಹೇಳಿದ. ಹೇಳಿ ಸುಮ್ಮನಾಗಬಾರದಾ? ಉದಾಹರಣೆ ಬೇರೆ ಕೊಟ್ಟ. "ಮಾರ್ಚಲ್ಲಿ ಆಸ್ಟಿನ್‌ನವರಿಗೆ ಜನ ಕಮ್ಮಿ ಬಿದ್ದಾಗ ನಾನು ನಿಂತಿದ್ದೆನಲ್ಲ, ಹಾಗೆ. ಆ ಮಾರ್ಕಸ್‌ನ ಎಷ್ಟು ಸಲ ಕೆಡವಿದೆ ಗೊತ್ತಾ!"

ಸಿಯೋನೆ ಕೈಯಲ್ಲಿದ್ದ ಪ್ಲೇಟ್ ಕೆಳಗಿಟ್ಟ.

"ಕಪ್ ಮ್ಯಾಚಲ್ಲಾ? ಅಂಗಳಕ್ಕೆ ಇಳಿದಿದ್ಯಾ? ನಿಜವಾಗಿ ಆಡಿದ್ಯಾ?"

ಕಪ್ಪಿನ ನಿಯಮ ಹೀಗಂತೆ: ಈ ವರ್ಷ ಒಂದು ತಂಡಕ್ಕೆ ಒಂದು ನಿಮಿಷ ಆಡಿದವನೂ ಇನ್ನೊಂದು ತಂಡಕ್ಕೆ ಆಡೋ ಹಾಗಿಲ್ಲ. ಆಡಿದ್ರೆ ಆ ಗೆಲುವೇ ರದ್ದು. ಸಿಯೋನೆ ನಿಧಾನವಾಗಿ, ನೆಲ ನೋಡ್ತಾ ಹೇಳಿದ. ನಾನು ಸೌಟು ಹಿಡ್ಕೊಂಡು ಹಾಗೇ ನಿಂತಿದ್ದೆ. ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತ ನಮ್ಮಜ್ಜಿ ಅಂತಿದ್ದಿದ್ದು ಇದಕ್ಕೇ ಇರಬೇಕು. ಅಣ್ಣನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವನು ಪಾಪ, "ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಪುಟ್ಟಿ, ಹೆಸರು ಕೂಡ ಸರಿಯಾಗೇ ಬರೆದುಕೊಟ್ಟಿದ್ದೆ" ಅಂತ ಅತ್ತೇಬಿಟ್ಟ.

ಪ್ರತಾಪ ಕಪ್ ನಡೆಸೋರಿಗೆ ಹೇಳಿಬಿಡ್ತೀನಿ ಅಂದ. ಸಿಯೋನೆ ಅವನ ಎರಡೂ ಕೈ ಹಿಡ್ಕೊಂಡ. "ನನ್ನ ಮಂಡಿ ಮುಗೀತು ಅಣ್ಣಾ, ನನಗೂ ಇದೇ ಕೊನೇ ವರ್ಷ. ಹೇಳಿದ್ರೆ ಎಲ್ಲರೂ ಮನೆಗೆ. ನೀನು ಫೈನಲ್ ಆಡಿದ್ರೆ ಎದುರು ತಂಡದಲ್ಲಿರೋ ಮಾರ್ಕಸ್ ನಿನ್ನನ್ನ ಗುರುತು ಹಿಡೀತಾನೆ, ಆಗಲೂ ಮನೆಗೆ. ಆಡದೆ ಇದ್ರೆ..." ಅಷ್ಟು ದೊಡ್ಡ ಮನುಷ್ಯ, ಕಣ್ಣಲ್ಲಿ ನೀರು.

ಪ್ರತಾಪನೇ ಹೇಳಿದ. "ಕಾಲು ಉಳುಕಿದೆ ಅಂತ ಹೇಳು. ನಾನು ಆಡಲ್ಲ."

ಇದು ಸರೀನಾ ತಪ್ಪಾ ಅಂತ ನನ್ನನ್ನ ಕೇಳಬೇಡಿ. ತಪ್ಪೇ. ಅವನಿಗೂ ಗೊತ್ತಿತ್ತು, ಅವತ್ತಿಂದ ಅವನು ಸರಿಯಾಗಿ ಊಟ ಮಾಡಲಿಲ್ಲ. ಎರಡು ಸಲ ಲ್ಯಾಪ್‌ಟಾಪ್ ತೆಗೆದು ಅವರಿಗೆ ಬರೆಯೋಕೆ ಕೂತ, ಎರಡು ಸಲವೂ ಮುಚ್ಚಿದ. "ಹನ್ನೆರಡು ಜನ ಏನು ತಪ್ಪು ಮಾಡಿದಾರೆ ಸುಪ್ರಜಾ?" ಅಂದ. ನಾನು ಸಿಟ್ಟಲ್ಲಿ, "ನೀನೇನು ಮಾಡಿದೀಯೋ? ಈ ದೇಶದಲ್ಲಿ ಬೇಕಾದ ಒಂದು ಕಡೆನೂ ನಿನ್ನನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ, ಬೇಡದೆ ಇರೋ ಒಂದೇ ಕಡೆ ತಗೊಂಡ್ರು!" ಅಂತ ಕೂಗಿದೆ. ಅವನು ಎದ್ದು ಹೋಗಿ ಡಬ್ಬಗಳಿಗೆ ಟೇಪ್ ಅಂಟಿಸೋಕೆ ಶುರು ಮಾಡಿದ.

ಫೈನಲ್ ಡಾಲಸ್‌ನಲ್ಲೇ, ಒಂದು ಶಾಲೆಯ ಮೈದಾನದಲ್ಲಿ. ಎದುರಿಗೆ ಮಾರ್ಕಸ್‌ನ ತಂಡ. ಪ್ರತಾಪ ಮನೆಯಲ್ಲೇ ಇರ್ತೀನಿ ಅಂದಿದ್ದ, ಸಿಯೋನೆ ಬಿಡಲಿಲ್ಲ. ನೀನು ಗೆರೆ ಪಕ್ಕ ಇದ್ರೆ ನಮಗೆ ಧೈರ್ಯ ಅಂದ. ಸರಿ, ನೀರಿನ ಬಾಟಲಿಗಳ ಬುಟ್ಟಿ ಹಿಡ್ಕೊಂಡು ನಿಂತ. ಆಟ ನಿಂತಾಗಲೆಲ್ಲ ಓಡಿ ಹೋಗಿ ನೀರು ಕೊಡೋದು, ವಾಪಸ್ ಬರೋದು. ಬಿಸಿಲಿಗೆ ನೆಲ ಕಾದು ಕೆಂಡ. ನಾನೂ ದಿಯಾನೂ ಅವನ ಹಿಂದೆ ಕುರ್ಚಿ ಹಾಕ್ಕೊಂಡಿದ್ವಿ. ದಿಯಾಗೆ ಕಾಲು ಉಳುಕಿದೆ ಅಂತಲೇ ಹೇಳಿದ್ವಿ. ಹತ್ತು ವರ್ಷದ ಹುಡುಗಿ, ನಮ್ಮ ಮುಖ ನೋಡಿ ಏನೋ ಸರಿಯಿಲ್ಲ ಅಂತ ಅವಳಿಗೆ ತಿಳಿದಿತ್ತು.

ಆಟ ಶುರುವಾಗೋ ಮುಂಚೆಯೇ ಮಾರ್ಕಸ್ ಇವನನ್ನ ಕಂಡ. ಕಂಡವನೇ ತೋಳು ಚಾಚಿ ಬಂದ, ಹಳೇ ನೆಂಟನ ಹಾಗೆ.

"ಹೇ, ಆಸ್ಟಿನ್! ನೀನಿಲ್ಲೇನು ಮಾಡ್ತಿದೀಯ? ಈ ಡಾಲಸ್ ಅಂಗಿ ಯಾಕೆ ಹಾಕ್ಕೊಂಡಿದೀಯ?"

ಕಪ್ ನಡೆಸೋ ಹೆಂಗಸು ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿದ್ಲು. ತಿರುಗಿ ನೋಡಿದ್ಲು. ಸಿಯೋನೆ ಓಡಿ ಬಂದು ಮಧ್ಯೆ ನಿಂತ.

"ಇವನಾ? ಇವನು ನಮ್ಮ ಆಟಗಾರ ಅಲ್ಲ. ಬರೀ ನೀರು ಕೊಡೋನು."

ಹಾಗೆ ಹೇಳುವಾಗ ಸಿಯೋನೆ ಪ್ರತಾಪನ ಮುಖ ನೋಡಲಿಲ್ಲ. ಪ್ರತಾಪ ಬುಟ್ಟಿ ಮೇಲೆತ್ತಿ ತೋರಿಸಿದ. "ಹೌದು. ಆಸ್ಟಿನ್‌ನಲ್ಲಿ ಆವತ್ತು ಒಂದಿನ ನಿಂತಿದ್ದೆ. ಇಲ್ಲಿ ನಾನು ನೀರು ಕೊಡೋನು."

"ನೋ! ಮೈ ಡ್ಯಾಡ್..." ಅಂತ ದಿಯಾ ಕುರ್ಚಿಯಿಂದ ಎದ್ದೇಬಿಟ್ಲು. ಹ್ಯೂಸ್ಟನ್‌ನಲ್ಲಿ ಗೆಲ್ಲಿಸಿದ್ದು ನಮ್ಮಪ್ಪ ಅಂತ ಹೇಳೋಕೆ ಹೊರಟಿದ್ಲು ನನ್ನ ಮಗಳು. ನಾನು ಅವಳ ಬಾಯಿ ಮುಚ್ಚಿದೆ. ನನ್ನ ಕೈಯಿಂದಲೇ, ಗಟ್ಟಿಯಾಗಿ. ಅವಳ ಉಸಿರು ನನ್ನ ಅಂಗೈಗೆ ಬಿಸಿಬಿಸಿ ತಾಗ್ತಿತ್ತು. ಕಣ್ಣು ದೊಡ್ಡದು ಮಾಡ್ಕೊಂಡು ನನ್ನನ್ನೇ ನೋಡಿದ್ಲು. ಆ ನೋಟ ನಾನು ಸಾಯೋವರೆಗೂ ಮರೆಯಲ್ಲ. ಆ ಹೆಂಗಸು ಗಡಿಯಾರ ನೋಡ್ಕೊಂಡು ರೆಫರಿ ಹತ್ರ ಹೋದ್ಲು.

ಆಟ ಚೆನ್ನಾಗೇ ನಡೀತು. ನಮ್ಮೋರು ಜೀವದ ಹಂಗು ಬಿಟ್ಟು ಆಡಿದ್ರು. ಎಡ ಅಂಚಲ್ಲಿ ಪ್ರತಾಪನ ಬದಲು ಕಾಲೇಜ್ ಹುಡುಗ ಒಬ್ಬನನ್ನ ಹಾಕಿದ್ರು. ಒಳ್ಳೇ ಓಟ, ಆದ್ರೆ ಹಿಡಿತ ಇಲ್ಲ. ಪ್ರತಾಪ ಗೆರೆಯಾಚೆಯಿಂದ ಅವನಿಗೆ ಹೇಳ್ತಾನೇ ಇದ್ದ, ಕಣ್ಣು ನೋಡಬೇಡ, ಕಾಲು ನೋಡು, ಕಾಲು ನೋಡು ಅಂತ. ಕೊನೇ ಹೊತ್ತಿಗೆ ನಾವು ಎರಡು ಪಾಯಿಂಟ್ ಮುಂದೆ. ಸಿಯೋನೆ ಕುಂಟ್ತಾ ಕುಂಟ್ತಾ ಕೂಗ್ತಿದ್ದ, ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂತ. ನಾನು ಸುಬ್ರಹ್ಮಣ್ಯನನ್ನ ನೆನೆಸ್ಕೊಂಡು ಸೆರಗು ಇಲ್ಲದ ಟೀ ಶರ್ಟಿನ ಅಂಚನ್ನೇ ಹಿಂಡ್ತಿದ್ದೆ.

ಆಗ ಚೆಂಡು ಮಾರ್ಕಸ್‌ಗೆ ಸಿಕ್ತು.

ಎಡ ಅಂಚಿಗೇ ಬಂದ. ಆ ಹುಡುಗ ಎದೆಗೆ ಹಾರಿದ, ಮಾರ್ಕಸ್ ಒಂದೇ ಕೈಯಲ್ಲಿ ಅವನನ್ನ ಕೊಡವಿ ಹಾಕಿದ. ಮುಂದೆ ಯಾರೂ ಇಲ್ಲ. ಗೆರೆ ಪಕ್ಕದಲ್ಲೇ, ಪ್ರತಾಪ ನಿಂತ ಕಡೆಗೇ ಓಡಿ ಬಂದ. ಅವನ ಬೂಟಿನ ಸದ್ದು ನಮಗೆ ಕೇಳ್ತಿತ್ತು. ಪ್ರತಾಪ ಬಗ್ಗಿದ. ನಾನು ನೋಡಿದೆ. ಬುಟ್ಟಿ ಕೆಳಗೆ ಬಿತ್ತು, ಎಡಗಾಲು ಹಿಂದೆ ಹೋಯ್ತು, ಬಲಗೈ ಮುಂದೆ ಬಂತು, ಬೆರಳು ಬಿಚ್ಚಿಕೊಂಡ್ವು. ಹಿಮ್ಮಡಿ ಅಲ್ಲೇ ಇತ್ತು, ಒಂದು ಗೇಣು ದೂರದಲ್ಲಿ. ಇವನು ಆ ಕೈಯನ್ನ ಹಾಗೇ ಮುಷ್ಟಿ ಮಾಡಿ ಎದೆಗೆ ಎಳ್ಕೊಂಡ. ಮಾರ್ಕಸ್ ದಾಟಿ ಹೋದ.

ಸೋತ್ವಿ.

ಸಿಯೋನೆ ಮೈದಾನದ ಮಧ್ಯೆ ಕೂತುಬಿಟ್ಟ. ಮಾರ್ಕಸ್ ಎಲ್ಲರ ಕೈ ಕುಲುಕಿ ಕೊನೆಗೆ ಪ್ರತಾಪನ ಹತ್ರ ಬಂದ. "ನಿನ್ನ ಪುಣ್ಯಕ್ಕೆ ನೀನು ಒಳಗಿರಲಿಲ್ಲ, ಅಲ್ಲ, ನನ್ನ ಪುಣ್ಯಕ್ಕೆ" ಅಂತ ನಕ್ಕ. ಪ್ರತಾಪನೂ ನಕ್ಕ, ಅವನಿಗೆ ಒಂದು ಬಾಟಲಿ ನೀರು ಕೊಟ್ಟ. ಫೋಟೋ ತೆಗೆಯುವಾಗ ನಮ್ಮ ತಂಡದವರು ಬಾ ಬಾ ಅಂತ ಕರೆದ್ರು, ಇವನು ಹೋಗಲಿಲ್ಲ. ಸಿಯೋನೆಯ ಫೋನ್ ಇಸ್ಕೊಂಡು ಅವರ ಫೋಟೋ ತೆಗೆದ. ಸೋತ ಹದಿಮೂರು ಮುಖಗಳಿಗೆ ಸ್ವಲ್ಪ ನಗ್ರೋ ಅಂತ ಹೇಳಿದ. ಆಮೇಲೆ ಚೆಲ್ಲಿದ ಬಾಟಲಿಗಳನ್ನ ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ತುಂಬಿದ.

ಕಾರು ನಾನೇ ಓಡಿಸಿದೆ. ದಿಯಾ ಹಿಂದೆ ಕೂತಿದ್ಲು, ನನ್ನ ಜೊತೆ ಮಾತಿಲ್ಲ. ಬುಧವಾರ ನಮ್ಮ ಫ್ಲೈಟು. ಲಿಟಲ್ ಎಲ್ಮ್‌ನ ಕೆರೆ ಸೇತುವೆ ಬಂತು. ಇನ್ನೊಂದು ಸಲ ಇದನ್ನ ದಾಟೋದು ಏರ್‌ಪೋರ್ಟಿಗೆ ಹೋಗುವಾಗಲೇ ಅಂತ ನೆನಪಾಯ್ತು.

"ಅಪ್ಪಾ" ಅಂದ್ಲು ದಿಯಾ. ಯಾವತ್ತೂ ಇಂಗ್ಲಿಷಲ್ಲಿ ಉತ್ತರ ಕೊಡೋ ಮಗು, ಪದ ಹುಡುಕಿ ಹುಡುಕಿ ಕನ್ನಡದಲ್ಲಿ ಕೇಳಿದ್ಲು. "ನೀನು ಅವನನ್ನ ಹಿಡೀತಿದ್ದೆ ಅಲ್ವಾ?"

ಪ್ರತಾಪ ಕಿಟಕಿ ಕಡೆ ನೋಡ್ತಿದ್ದ. ಬಲಗೈ ತೊಡೆ ಮೇಲಿತ್ತು, ಇನ್ನೂ ಮುಷ್ಟಿ ಕಟ್ಟಿಕೊಂಡೇ ಇತ್ತು.

"ಹಿಡೀತಿದ್ದೆ ಪುಟ್ಟಾ" ಅಂದ.

ಅಷ್ಟೆ. ಕೆಲಸ ಹೋದ ದಿನ ಅಳದವನು, ಟಿಕೆಟ್ ಬುಕ್ ಮಾಡಿದ ದಿನ ಅಳದವನು, ಆ ಸೇತುವೆ ಮೇಲೆ ಸದ್ದು ಮಾಡಿ ಅತ್ತ. ನಾನು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಅವನ ಮುಷ್ಟಿ ಬಿಡಿಸೋಕೆ ನೋಡಿದೆ. ಮನೆ ಬರೋವರೆಗೂ ಅವನು ಬಿಡಿಸಲಿಲ್ಲ.